ಹತ್ತಿಟ್ಟಿಗೆಗೊಂದು ಬಿಲ್ಲೆ

“ರೂಪಾಯಿ ಬಿದ್ದೋಗೈತೆ ಅಂತ ರೇಡಿಯೋದಲ್ಲೇ ಹೇಳವ್ರೆ. ನಿನ್ನ ಹಟ್ಟಿಗೂ ಬಂದು ತಮಟೆ ಹೊಡೀಬೇಕೇನೇ, ಮುಂಡೆ?”

ಸಮೇತನಹಳ್ಳಿಯ ಇಟ್ಟಿಗೆ ಗೂಡಿನ ಸಾಹುಕಾರ ಹನುಮಂತರಾಯಪ್ಪ ಬೈದದ್ದು ಮುನಿವೆಂಕಟಮ್ಮನನ್ನು. ಹತ್ತು ಹಸಿ ಇಟ್ಟಿಗೆ ತಲೆಯ ಮೇಲೆ ಹೊತ್ತು ಗೂಡಿಗೆ ಮುಟ್ಟಿಸಿದರೆ ಒಂದು ತಗಡಿನ ಬಿಲ್ಲೆ. ಅದನ್ನೂ ಕೈ ತಾಕದ ಹಾಗೆ ಮೇಲಿಂದ ಸೆರಗಿಗೆ ಎಸೆಯುತ್ತಿದ್ದ. ಶನಿವಾರ ಇಪ್ಪತ್ತು ಬಿಲ್ಲೆಗೆ ಒಂದು ರೂಪಾಯಿ. ಅರವತ್ತಾರರ ಆ ಜೂನಿನಲ್ಲಿ, ಇನ್ನು ಮೇಲೆ ಮೂವತ್ತಕ್ಕೆ ಒಂದು ರೂಪಾಯಿ ಎಂದುಬಿಟ್ಟ. ತಾನಲ್ಲವಂತೆ, ದಿಲ್ಲಿಯವರೂ ಬೊಂಬಾಯಿಯ ದೊಡ್ಡ ಬ್ಯಾಂಕಿನವರೂ ಸೇರಿ ಇಳಿಸಿದ್ದಂತೆ.

ರೂಪಾಯಿ ಇಳಿದಿದ್ದರೆ ಕೂಲಿ ಏರಬೇಕಲ್ಲವೇ ಬುದ್ಧಿ ಎಂದು ಅವಳು ಕೇಳಿದ್ದೇ ತಪ್ಪಾಗಿತ್ತು.

ಯುಗಾದಿ ಹೊತ್ತಿಗೆ ರಾಗಿ ಬೆಲೆ ಏರಿದಾಗ ಗೂಡಿನ ಇದೇ ಕೂಲಿ ಹೆಂಗಸರು ಬಿಲ್ಲೆಗೆ ಒಂದು ಪೈಸೆ ಹೆಚ್ಚು ಕೇಳಿದ್ದರು. ಆಗ ದಿಲ್ಲಿಯೂ ಇರಲಿಲ್ಲ, ದೊಡ್ಡ ಬ್ಯಾಂಕೂ ಇರಲಿಲ್ಲ. ಏರುವುದು ಇಳಿಯುವುದು ಸಂತೆಯ ಧರ್ಮ, ಅದಕ್ಕೆ ಯಾರೂ ಕೈ ಹಾಕಬಾರದು, ತಾನೇ ಸರಿಹೋಗುತ್ತದೆ ಎಂದು ಎಲೆಯಡಿಕೆ ಜಗಿಯುತ್ತಾ ಉಪದೇಶ ಮಾಡಿದ್ದ. ಸರಿಹೋಗುವ ತನಕ ಅವರಲ್ಲೊಬ್ಬಳಾದ ಪಿಳ್ಳಮ್ಮನ ಮಕ್ಕಳು ಗಂಜಿ ಕುಡಿದು ಮಲಗಿದವು. ನೆಲದಡಿಯ ಹಗೇವಿನಲ್ಲಿ ಕೂಡಿಟ್ಟಿದ್ದ ಅವನ ರಾಗಿ ಮಾತ್ರ ನೆಮ್ಮದಿಯಾಗಿ ಬೆಲೆ ಏರಿಸಿಕೊಳ್ಳುತ್ತಿತ್ತು.

ಬೈಸಿಕೊಂಡ ಮುನಿವೆಂಕಟಮ್ಮ ಇನ್ನೊಂದು ಹೊರೆ ತರಲು ಹೋದಳು. ಮುಂದಿನ ಸಲ ಬಂದಾಗ ತಲೆಯ ಮೇಲೆ ಆರೇ ಇಟ್ಟಿಗೆ. ಹಿಂದಿದ್ದ ಪಿಳ್ಳಮ್ಮನ ತಲೆಯ ಮೇಲೂ ಆರು. ಅವಳ ಹಿಂದೆ ಇನ್ನೂ ಹದಿನಾಲ್ಕು ಜನ, ಎಲ್ಲರದೂ ಆರು.

“ಏನ್ರೇ ಇದು?”

“ಹೊರೆ ಇಳಿದೈತೆ ಬುದ್ಧಿ. ನಾವಲ್ಲ, ದೊಡ್ಡ ಬ್ಯಾಂಕು ಇಳಿಸ್ತು.”

ಅವನು ಬಿಲ್ಲೆಯ ಡಬ್ಬ ಮುಚ್ಚಿದ. ಹೆಂಗಸರು ಹೋಗಿ ಹೊಂಗೆಮರದ ಕೆಳಗೆ ಕುಳಿತರು.

ಮಧ್ಯಾಹ್ನ ಮೋಡ ಕವಿಯಿತು. ಗರಿ ಹೊದಿಸಿದ ಗೂಡು ಸೇರಬೇಕಾದ ಮೂರು ಸಾವಿರ ಹಸಿ ಇಟ್ಟಿಗೆ ಬಯಲಲ್ಲೇ ಇತ್ತು. ಹನುಮಂತರಾಯಪ್ಪ ಓಡಿಬಂದು, ಇವತ್ತೊಂದು ದಿನ ಮಾತ್ರ ಇಪ್ಪತ್ತಕ್ಕೇ ರೂಪಾಯಿ ಎಂದ. ಮನೆಯಲ್ಲಿ ಹಿಡಿ ಹಿಟ್ಟಿಲ್ಲದ ಪಿಳ್ಳಮ್ಮ ಏಳಲು ಹೋದಳು. ಮುನಿವೆಂಕಟಮ್ಮ ಅವಳ ಸೆರಗು ಹಿಡಿದು ಕೂರಿಸಿದಳು. ಹನಿ ಬಿತ್ತು.

“ಒಂಚೂರು ಕೈ ಹಾಕ್ರವ್ವ, ಎಲ್ಲಾ ಮಣ್ಣಾಯ್ತದೆ.”

“ಮಳೆ ಬರೋದು ನಿಲ್ಲೋದು ಮೋಡದ ಧರ್ಮ ಬುದ್ಧಿ. ಯಾರೂ ಕೈ ಹಾಕಬಾರ್ದು. ತಾನೇ ಸರಿಹೋಯ್ತದೆ.”

ಹನುಮಂತರಾಯಪ್ಪ ಹುಟ್ಟಿದಾಗಿನಿಂದ ಮೊದಲ ಸಲ ಇಟ್ಟಿಗೆ ಹೊತ್ತ. ನಾಲ್ಕು. ಗೂಡು ಮುಟ್ಟುವಷ್ಟರಲ್ಲಿ ಕೆಂಪು ರಾಡಿ ಅವನ ಮೂಗಿನ ಮೇಲಿಂದ ಬಿಳಿ ಪಂಚೆಗೆ ಇಳಿಯುತ್ತಿತ್ತು.

ಮುನಿವೆಂಕಟಮ್ಮ ಎದ್ದು ಹೋದಳು. ಹತ್ತು ಇರಲಿಲ್ಲ, ಆದರೂ ಇರಲಿ ಎಂದು ಸೆರಗಿನ ಗಂಟು ಬಿಚ್ಚಿ, ಕೈ ತಾಕದ ಹಾಗೆ ಮೇಲಿಂದ, ಅವನ ಮುಂದೆ ಒಂದು ಬಿಲ್ಲೆ ಎಸೆದಳು.