ಅತ್ತೆ ನೀರು ಕೇಳಿದ ಹೊತ್ತು

ಚಂಡಮಾರುತ ಅರಬ್ಬೀ ಸಮುದ್ರದಲ್ಲೇ ಎತ್ತಲೋ ತಿರುಗಿಕೊಂಡಿತು. ನಮ್ಮ ಹೊಸಮನೆ ಬಡಾವಣೆಗೆ ಒಂದು ಹನಿ ಮಳೆ ಕೊಡಲಿಲ್ಲ. ಗಾಳಿ ಬೀಸಿ ಕರೆಂಟ್ ಕಂಬ ಉರುಳಿಸಿ, ಇದ್ದಬದ್ದ ಮೋಡವನ್ನೂ ಬಳಿದುಕೊಂಡು ಹೋಯಿತು. ಬೆಳಗಾದರೆ ಸುಡುವ ಸೆಕೆ. ಫ್ಯಾನಿಲ್ಲ, ಮೋಟರ್ ಓಡದೆ ನಲ್ಲಿಯಲ್ಲಿ ನೀರಿಲ್ಲ. ಮನೆಯಲ್ಲಿದ್ದದ್ದು ಅರ್ಧ ಕ್ಯಾನ್ ಕುಡಿಯುವ ನೀರು.

ಮೊಬೈಲಿಗೆ ಬರುವ ಎಚ್ಚರಿಕೆಗಳನ್ನೆಲ್ಲ ಓದುವವಳು ನಾನು. ಬಾಯಾರದಿದ್ದರೂ ನೀರು ಕುಡಿಯಿರಿ, ಕುಡಿಯುವ ನೀರನ್ನು ಉಳಿಸಿಕೊಳ್ಳಿ, ವಯಸ್ಸಾದವರನ್ನು ಗಮನಿಸಿ. ನಮ್ಮತ್ತೆ ಕಾಶಮ್ಮನವರಿಗೆ ಎಪ್ಪತ್ತು ದಾಟಿದೆ. ಸ್ನಾನ ಮಾಡಿ ಲಿಂಗಪೂಜೆ ಮುಗಿಸದೆ ಅವರು ಗುಟುಕು ನೀರನ್ನೂ ಮುಟ್ಟುವವರಲ್ಲ. ಜ್ವರ ಬಂದಾಗಲೂ ಬಿಟ್ಟವರಲ್ಲ.

“ಎರಡು ಚೊಂಬು ಕೊಡೇ ಸ್ಫೂರ್ತಿ, ಮೈಮೇಲೆ ಹಾಕ್ಕೊಂಡು ಬರ್ತೀನಿ,” ಎಂದರು.

“ಕುಡಿಯೋ ನೀರು ಅತ್ತೆ ಅದು! ಸಾಯಂಕಾಲಕ್ಕೆ ಏನು ಮಾಡೋದು? ವಿಭೂತಿ ಹಚ್ಕೊಂಡು ಪೂಜೆ ಮಾಡಿ, ಸಾಕು.”

“ಅದು ಹಾಸಿಗೆ ಹಿಡಿದೋರಿಗೆ. ನನಗೇನಾಗಿದೆ ಮಾರಾಯ್ತಿ?”

ಹಟಕ್ಕೆ ಹಟ. ನಾನು ಕ್ಯಾನನ್ನು ಅಡುಗೆಮನೆಗೆ ಎಳೆದುಕೊಂಡೆ. ಬಾಯಾರಿಕೆ ತಡೆಯಲಾರದೆ ತಾವೇ ದಾರಿಗೆ ಬರುತ್ತಾರೆ ಎಂದುಕೊಂಡೆ. ಅವರು ನಲ್ಲಿ ಬರುವುದನ್ನು ಕಾಯುತ್ತ ಮುಂದಿನ ಕೋಣೆಯ ಶೀಟಿನ ಮಾಡಿನಡಿ ಕೂತರು. ನನ್ನ ಗಂಡ ವಿಜಯಕುಮಾರ್ ಮಾಚೇನಹಳ್ಳಿಯ ವರ್ಕ್‌ಶಾಪಿನಲ್ಲಿದ್ದರು, ಫೋನ್ ಹತ್ತುತ್ತಿರಲಿಲ್ಲ.

ಮಧ್ಯಾಹ್ನ ಲೋಟ ಹಿಡಿದು ಹೋದೆ, ಇನ್ನೊಂದು ಸುತ್ತು ಜಗಳಕ್ಕೆ ಸಿದ್ಧಳಾಗಿಯೇ.

“ನೀರು ಕೊಡು,” ಎಂದರು ಅತ್ತೆ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಗೆದ್ದೆ ಎಂದು ಖುಷಿಯಾಯಿತು. ಲೋಟವನ್ನು ಬಾಯಿಗೆ ಹಿಡಿಯುವಷ್ಟರಲ್ಲಿ ಕೈ ನಿಂತಿತು. ಪೂಜೆಯಿಲ್ಲದೆ ನೀರು ಕೇಳುತ್ತಿದ್ದಾರಲ್ಲ! ಹಣೆ ಮುಟ್ಟಿದೆ, ಕಾದ ಹಂಚು. ಒಂದು ಹನಿ ಬೆವರಿಲ್ಲ.

“ಅತ್ತೆ, ನಾನ್ಯಾರು?”

“ಬಸ್ ಬಂತಾ?” ಎಂದರು.

ಪ್ರಜ್ಞೆ ಮಸುಕಾದವರ ಬಾಯಿಗೆ ನೀರು ಹಾಕಬಾರದು, ಮೊದಲು ಮೈ ತಣಿಸಬೇಕು ಎಂದೂ ಆ ಎಚ್ಚರಿಕೆಗಳಲ್ಲಿತ್ತು. “ಸಂಧ್ಯಾ, ಕಾರ್ ತೆಗೀರಿ!” ಎಂದು ಪಕ್ಕದ ಮನೆಯವರನ್ನು ಕೂಗಿ, ಕ್ಯಾನ್ ಎಳೆತಂದು ತಲೆ, ಕತ್ತು, ಸೀರೆಯ ಮೇಲೆಲ್ಲ ಸುರಿದೆ. ಚೊಂಬಿನ ಮೇಲೆ ಚೊಂಬು. ಬೀಸಣಿಗೆ ಸಿಗದೆ ಮೊರದಿಂದ ಬೀಸಿದೆ. ಬೆಳಗ್ಗೆ ಎರಡೇ ಎರಡು ಚೊಂಬಿಗೆ ಜಿಪುಣತನ ಮಾಡಿದವಳು ನಾನು. ನನ್ನ ಬುದ್ಧಿಗೆ ಬೆಂಕಿ ಹಾಕಬೇಕು ಎಂದು ಅಳುತ್ತಲೇ ಬೀಸಿದೆ.

ಕ್ಯಾನಿನ ತಳ ಕಂಡಿತು. ಕಾರು ಬಾಗಿಲಿಗೆ ಬಂದಾಗ ಅತ್ತೆಯ ರೆಪ್ಪೆ ಅಲುಗಿತು.

“ಸ್ಫೂರ್ತಿ...”

ಗುರುತು ಹಿಡಿದರು! ಆ ಲೋಟದ ನೀರನ್ನು ತುಟಿಗೆ ಹಿಡಿದೆ. ತೊಯ್ದ ಕೈಯಿಂದ ಅದನ್ನು ದೂರ ತಳ್ಳಿದರು.

“ಪೂಜೆ ಆಗ್ಲಿಲ್ಲ ಕಣೆ.”

ಆ ಹಟದ ಮಾತು ಕೇಳಿ ನನಗೆ ಹೋದ ಜೀವ ಬಂತು. “ಸ್ನಾನ ಆಯ್ತಲ್ಲ ಅತ್ತೆ, ಕಾರಲ್ಲೇ ಮಾಡಿ,” ಎಂದೆ.

ಆಸ್ಪತ್ರೆಯ ದಾರಿಯಲ್ಲಿ ಅವರು ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ತುಟಿ ಆಡಿಸಿದರು. ನಾನು ಲೋಟ ತುಳುಕದಂತೆ ಹಿಡಿದು, ಪೂಜೆ ಮುಗಿಯುವುದನ್ನೇ ಕಾಯುತ್ತ ಕೂತೆ.