ಹುಲ್ಲಿಗೆ ಕಟ್ಟಿದ ಚಪ್ಪರ

ಧಣಿ ಪಾಷಾ ಮನೇಲಿ ನಮ್ಮ ದಿನದ ಮೊದಲ ಕೆಲಸ ಗುಂಡಿ ತೋಡೋದಲ್ಲ, ಹುಲ್ಲು ಸುತ್ತೋದು. ನಗಬೇಡಿ. ಹಿತ್ತಲಲ್ಲಿ ಈಜುಕೊಳ ಆಗ್ತಿತ್ತು. ಸಂಜೆಯಾದ್ರೆ ಅದೇ ಹಿತ್ತಲಲ್ಲಿ ಪಾಷಾ ಹೆಂಡತಿ ಗೆಳತಿಯರ ಜೊತೆ ಚಹಾ ಕುಡೀಬೇಕು. ಅದಕ್ಕೇ ಬೆಳಿಗ್ಗೆ ಹುಲ್ಲುಹಾಸನ್ನ ಚಾಪೆ ಹಾಗೆ ಸುತ್ತಿ ಎತ್ತಿಡೋದು, ಬರೀ ನೆಲದ ಮೇಲೆ ಮಣ್ಣಿನ ಗಾಡಿ ಓಡಿಸೋದು. ಸಂಜೆ ಗುಂಡಿಗೆ ಹಲಗೆ ಮುಚ್ಚಿ, ನೆಲ ಸಮ ಮಾಡಿ, ಮತ್ತೆ ಹುಲ್ಲು ಹಾಸಿ, ಬರಿಗಾಲಲ್ಲಿ ತುಳಿದು ಕೂರಿಸೋದು. ಆಮೇಲೆ ನಾವು ಹಿಂದಿನ ಗೇಟಿಂದ ಮಾಯ ಆಗ್ಬೇಕು.

ಸುತ್ತಿಟ್ಟ ಹುಲ್ಲಿಗೆ ಬಿಸಿಲು ತಾಗಬಾರದು. ಕೈರೋ ಆಚೆಯ ಮರಳುಗಾಡು, ಆಗಸ್ಟ್ ತಿಂಗಳು. ಪಾಷಾ ಖುದ್ದು ನಿಂತು ಹುಲ್ಲಿಗೆ ಅಂತ ದಪ್ಪ ಟಾರ್ಪಾಲಿನ ಚಪ್ಪರ ಹಾಕಿಸಿದ್ರು. ಒಳಗೊಂದು ಫ್ಯಾನು ಬೇರೆ. ನಮಗೆ ಗುಂಡಿ ಇತ್ತು.

ಮಧ್ಯಾಹ್ನ ಪಾಷಾ ಬಂದು ಹುಲ್ಲು ಮುಟ್ಟಿ ನೋಡೋರು.

"ನೀರು ಕೊಟ್ರೇನೋ?"

"ಇಲ್ಲ ಪಾಷಾ, ಬೆಳಿಗ್ಗೆಯಿಂದ ಒಂದು ಗುಟುಕೂ ಇಲ್ಲ," ಅಂದ ಮಕ್ಕಾವಿ. ನಮ್ಮೂರವನೇ, ಬಾಯಿಗೆ ಬೀಗ ಇಲ್ಲ.

"ನಿನಗಲ್ಲಯ್ಯ. ಹುಲ್ಲಿಗೆ."

ಒಂದಿನ ಬಖೀತ್ ಮಾವ ಗುಂಡಿಯಲ್ಲೇ ಕುಸಿದ. ನಮ್ಮಲ್ಲೆಲ್ಲ ಹಿರಿಯ, ನಮ್ಮೂರು ಸೊಹಾಗಿನಿಂದ ನಮ್ಮನ್ನ ಈ ಕೆಲಸಕ್ಕೆ ಕರ್ಕೊಂಡು ಬಂದೋನು. ಮೈ ಕೆಂಡ. ಬೆವರೂ ನಿಂತುಹೋಗಿತ್ತು. ಎತ್ಕೊಂಡು ಹೋಗಿ ಹುಲ್ಲಿನ ಚಪ್ಪರದಲ್ಲಿ ಮಲಗಿಸಿದ್ವಿ. ಮೇಸ್ತ್ರಿ ರಿಫಾಯಿ ಓಡಿಬಂದ.

"ಹೊರಗೆ ತಗೊಂಡ್ಹೋಗ್ರೋ. ಪಾಷಾ ನೋಡಿದ್ರೆ ನನ್ನ ಗತಿ ಏನು?"

"ಮನುಷ್ಯ ಬಿದ್ದಿದ್ದಾನೆ ಮೇಸ್ತ್ರಿ," ಅಂದೆ.

"ಕಾಣ್ತಿದೆ. ಗೇಟಿನ ಆಚೆ ಮಲಗಿಸಿ."

ಗೇಟಿನ ಆಚೆ ಇರೋದು ಡಾಂಬರು ರಸ್ತೆ. ಒಂದು ಮರ ಇಲ್ಲ. ಅಲ್ಲಿ ಮಲಗಿಸಿದ್ರೆ ಮಾವ ಉಳಿಯಲ್ಲ ಅಂತ ರಿಫಾಯಿಗೂ ಗೊತ್ತು.

ಪಾಷಾನೂ ಬಂದ್ರು. "ಪಾಪ," ಅಂದ್ರು. ಸುಳ್ಳು ಯಾಕೆ ಹೇಳ್ಲಿ, ಅಷ್ಟಂತೂ ಅಂದ್ರು. ಆಮೇಲೆ, "ಆದ್ರೆ ಇಲ್ಲಿ ಬೇಡ. ಮನುಷ್ಯರ ಶಾಖ ಹುಲ್ಲಿಗೆ ಆಗಲ್ಲ. ಈ ಚಪ್ಪರದಲ್ಲಿ ಹುಲ್ಲು ಬಿಟ್ಟು ಬೇರೇನೂ ಕಾಣಬಾರದು," ಅಂತ ಹೇಳಿ ಒಳಗೆ ಹೋದ್ರು.

ಮಕ್ಕಾವಿ ಒಂದು ಸುರುಳಿ ಬಿಚ್ಚಿದ. ತಣ್ಣನೆಯ ಹುಲ್ಲನ್ನ ಮಾವನ ಕುತ್ತಿಗೆವರೆಗೂ ಹೊದಿಸಿದ.

"ಈಗ ಹುಲ್ಲು ಬಿಟ್ಟು ಬೇರೇನಿದೆ, ತೋರಿಸು ಮೇಸ್ತ್ರಿ."

"ತಲೆ ಕಾಣ್ತಿದೆಯಲ್ಲೋ."

"ಅದು ಕಳೆ ಅನ್ಕೋ."

ಇನ್ನೊಂದು ಸುರುಳಿ ಬಿಚ್ಚಿ ಮೈಮೇಲೆ ಎಳ್ಕೊಂಡು ಮಕ್ಕಾವಿ ತಾನೂ ಮಲಗಿದ. ನಾನು ಅವನ ಪಕ್ಕಕ್ಕೆ. ಗುಂಡಿಯಲ್ಲಿದ್ದವರು ಒಬ್ಬೊಬ್ಬರಾಗಿ ಸಲಿಕೆ ಬಿಟ್ಟು ಹತ್ತಿ ಬಂದು ಹಾಗೇ ಮಲಗಿದ್ರು. ಆಹಾ, ಎಂಥ ತಂಪು ಅಂತೀರಿ. ಇಷ್ಟು ದಿನ ಹುಲ್ಲು ಸುಖಪಡ್ತಿದ್ದದ್ದು ಇದನ್ನ. ಮೇಸ್ತ್ರಿ ಒಬ್ಬನೇ ಬಿಸಿಲಲ್ಲಿ ನಿಂತು ನಮ್ಮೆಲ್ಲರ ಅಪ್ಪಂದಿರನ್ನ ಬೈತಿದ್ದ.

ಸಂಜೆ ಗೆಳತಿಯರ ಕಾರು ಬಂದಾಗ ಹಿತ್ತಲು ಬರೀ ಮಣ್ಣು, ಗುಂಡಿ ಬಾಯಿ ಬಿಟ್ಕೊಂಡಿತ್ತು. ಪಾಷಾ ಚಪ್ಪರಕ್ಕೆ ನುಗ್ಗಿದ್ರು. ಸಾಲಾಗಿ ಹಸಿರು, ಸಾಲಾಗಿ ತಲೆ.

"ಏನ್ರೋ ಇದು?"

"ಹುಲ್ಲು, ಪಾಷಾ," ಅಂದೆ.

ಪಾಷಾ ನನ್ನ ಮೇಲಿನದನ್ನ ಹಿಡಿದು ಎಳೆಯೋಕೆ ಹೋದ್ರು. ಅಂಚು ಚರ್‌ ಅಂತು. ಕೈ ಸುಟ್ಟೋರ ಹಾಗೆ ಬಿಟ್ರು.

"ಮೆಲ್ಲಗೆ ಪಾಷಾ," ಅಂದ ಮಕ್ಕಾವಿ, "ಬೇರು ಹರಿಯುತ್ತೆ. ಬೆಳಿಗ್ಗೆಯಿಂದ ನೀರಿಲ್ಲ, ಅಂಚೆಲ್ಲ ಬಾಡ್ತಿದೆ."

ಪಾಷಾ ಮುಖ ಪೆಚ್ಚಾಯ್ತು. ಹೋಗಿ ಪೈಪು ಹಿಡ್ಕೊಂಡು ಬಂದ್ರು. ತಮ್ಮ ಕೈಯಾರೆ ಸಾಲು ಪೂರ್ತಿ ನೀರು ಬಿಟ್ರು. ಹುಲ್ಲಿಗೆ ಅಂತಾನೇ ಬಿಟ್ಟಿದ್ದು, ಇರಲಿ. ಬಖೀತ್ ಮಾವ ಕಣ್ಣು ತೆರೆದ. ಬಾಯಿ ತೆರೆದ. ಗಟಗಟ ಕುಡಿದ. ನನಗೆ ಅಳು ಬಂತು.

"ಏಳ್ರಪ್ಪ," ಅಂದ್ರು ಪಾಷಾ, "ನಾಳೆ ನಿಮಗೂ ಒಂದು ಚಪ್ಪರ ಹಾಕಿಸೋಣ."

"ಹಾಕ್ಸಿ," ಅಂದ ಮಾವ, ದನಿ ಇನ್ನೂ ಪೂರ್ತಿ ಬಂದಿರಲಿಲ್ಲ. "ಹಾಕಿಸಿದ್ಮೇಲೆ ಏಳ್ತೀವಿ."

ಪಾಷಾ ಮೇಸ್ತ್ರಿ ಕಡೆ ತಿರುಗಿದ್ರು. "ಏಯ್ ರಿಫಾಯಿ, ಎಬ್ಬಿಸು ಇವರನ್ನ."

ರಿಫಾಯಿ ಅವರನ್ನ ನೋಡಿದ, ನಮ್ಮನ್ನ ನೋಡಿದ. ಬಿಸಿಲಿಗೆ ತುಟಿ ಒಡೆದು ರಕ್ತ ಬರ್ತಿತ್ತು. ಚಪ್ಪಲಿ ಬಿಟ್ಟು ಒಳಗೆ ಬಂದು ಮೂಲೆಯ ಕೊನೇ ಸುರುಳಿ ಬಿಚ್ಚಿದ.

"ಯಾರಾದ್ರೂ ಹೊದಿಸ್ರೋ," ಅಂದ.

"ನೀನೇ ಎಳ್ಕೋ ಮೇಸ್ತ್ರಿ," ಅಂದ ಮಕ್ಕಾವಿ, "ನಾವೂ ಹಾಗೇ ಎಳ್ಕೊಂಡಿದ್ದು."