ಅರ್ಥವಾಗುವವರೆಗೆ ಬಾಗಿಲು ತೆರೆಯದು

ನಮ್ಮ ಹೆಡ್‌ಮಾಸ್ಟರ್ ಪ್ಲಾಮೆನ್ ಬೇಸಿಗೆ ರಜೆಯಲ್ಲಿ ಹೈಸ್ಕೂಲಿನ ಗೋಡೆಗಳನ್ನು ಕೆಡವಿ ಗಾಜು ಹಾಕಿಸಿದರು, ಗಂಟೆಯನ್ನು ಕಿತ್ತು ಗುಜರಿಗೆ ಕಳಿಸಿದರು. ಇನ್ನು ಮೇಲೆ ಪೀರಿಯಡ್ಡಿಗೆ ಇಷ್ಟೇ ನಿಮಿಷ ಎಂಬುದಿಲ್ಲವಂತೆ, ಎಲ್ಲರಿಗೂ ಅರ್ಥವಾದಾಗಲೇ ಪಾಠ ಮುಗಿಯುವುದಂತೆ. ಅದನ್ನು ತೀರ್ಮಾನಿಸಲು ಹೊರದೇಶದಿಂದ ಒಂದು ಯಂತ್ರ ಬಂತು. ಅದು 'ಅರ್ಥವಾಯಿತೇ?' ಎಂದು ಕೇಳಿ, ಕ್ಯಾಮೆರಾದಲ್ಲಿ ಎಲ್ಲರ ತಲೆಯಾಟ ನೋಡಿ, ಹೌದೆಂದವರ ಮೇಜಿನಲ್ಲಿ ಹಸಿರು, ಇಲ್ಲವೆಂದವರದರಲ್ಲಿ ಕೆಂಪು ದೀಪ ಹಚ್ಚಿ, ಪಾಠಕ್ಕೆ ನೂರಕ್ಕೆ ಇಷ್ಟೆಂದು ಅಂಕ ಕೊಟ್ಟು, ಎಲ್ಲ ಹಸಿರಾದರೆ ಮಾತ್ರ ಬಾಗಿಲು ತೆಗೆಯುತ್ತಿತ್ತು.

ಇಪ್ಪತ್ತಮೂರು ವರ್ಷ ಗಣಿತ ಕಲಿಸಿದ ನನಗೆ ಅದು ಮೂರು ವಾರವೂ ಸೊನ್ನೆ ಕೊಟ್ಟಿತು. ಸಂಜೆ ಕರೆಂಟು ತೆಗೆದ ಮೇಲೆಯೇ ನಮಗೆ ಬಿಡುಗಡೆ. ಪಕ್ಕದ ಫಿಸಿಕ್ಸ್ ಮೇಷ್ಟ್ರು ಗೆಂಚೊ ಮಾಡುವ ಪಾಠ ದೇವರಿಗೂ ಅರ್ಥವಾಗದು. ಆತನಿಗೆ ನೂರಕ್ಕೆ ನೂರು. ನನಗೆ ಹೊಟ್ಟೆ ಉರಿಯಿತು.

ಶುಕ್ರವಾರ ಹೆಡ್‌ಮಾಸ್ಟರೇ ಬಂದು ಕೊನೆಯ ಬೆಂಚಿನಲ್ಲಿ ಕುಳಿತರು. ಇವತ್ತೂ ಸೊನ್ನೆಯಾದರೆ ಸೋಮವಾರದಿಂದ ಬರಬೇಡಿ ಎಂದರು.

ಬೆವರು ಸುರಿಸಿ ಪೈಥಾಗೊರಸ್ ಪ್ರಮೇಯ ವಿವರಿಸಿದೆ. ಯಂತ್ರ 'ಅರ್ಥವಾಯಿತೇ?' ಎಂದಿತು. ಎಚ್ಚರವಿದ್ದವರೆಲ್ಲ ತಲೆಯನ್ನು ಅತ್ತಿತ್ತ ಆಡಿಸಿದರು. ಮೇಜುಗಳ ಮೇಲೆಲ್ಲ ಕೆಂಪು ದೀಪ. ಮತ್ತೆ ಮೊದಲಿನಿಂದ ಹೇಳಿದೆ. ಈ ಸಲ ಆಗಷ್ಟೇ ನಿದ್ದೆಯಿಂದೆದ್ದ ಕಲೀನಾ ಎಂಬ ಹುಡುಗಿಯ ಮೇಜಿನಲ್ಲಿ ಮಾತ್ರ ಹಸಿರು. ನಿನಗೊಬ್ಬಳಿಗೇ ಅರ್ಥವಾಯಿತೇನೇ ಎಂದೆ.

"ಒಂದಕ್ಷರಾನೂ ಇಲ್ಲ ಮಿಸ್," ಎಂದು ಅವಳು ತಲೆಯನ್ನು ಮೇಲೆ ಕೆಳಗೆ ಆಡಿಸಿದಳು.

ಆಗ ಹೊಳೆಯಿತು. ಬಲ್ಗೇರಿಯಾದವರಾದ ನಾವು ಹೌದೆನ್ನಲು ತಲೆಯನ್ನು ಅಡ್ಡ ಆಡಿಸುತ್ತೇವೆ, ಇಲ್ಲವೆನ್ನಲು ಮೇಲೆ ಕೆಳಗೆ. ಯಂತ್ರದ ಊರಿನಲ್ಲಿ ಅದು ತಿರುಗುಮುರುಗು. ಗೆಂಚೊನ ನೂರರ ಗುಟ್ಟೂ ಅದೇ.

ಯಾರಿಗೂ ಏನೂ ತಿಳಿದಿಲ್ಲ ಅನ್ನಿ ಎಂದು ಮಕ್ಕಳಿಗೆ ಹೇಳಿದೆ. ಅವರಿಗೆ ಹೇಳಿಸಿಕೊಳ್ಳಬೇಕೇ. ಇಪ್ಪತ್ತಾರು ಹಸಿರು ದೀಪ, ಹಿಂದೆ ಒಂದು ಕೆಂಪು. ಹೆಡ್‌ಮಾಸ್ಟರರದು.

"ಸಾರ್, ನಿಮಗೂ ಅರ್ಥ ಆಗಿಲ್ಲ ಅಂದ್ಬಿಡಿ."

"ಮಕ್ಕಳೆದುರಿಗಾ? ನಾನು ಹೆಡ್‌ಮಾಸ್ಟರ್ ಕಣ್ರೀ," ಎಂದು ಅವರು ಬಿಗುಮಾನದಿಂದ ತಲೆ ಅಡ್ಡ ಆಡಿಸಿದರು.

ಮತ್ತೆ ಮೊದಲಿನಿಂದ. ಅಷ್ಟು ಖುಷಿಯಿಂದ ನಾನು ಎಂದೂ ಪಾಠ ಮಾಡಿರಲಿಲ್ಲ. ಅವರು ಬೆಳಿಗ್ಗೆ ಎರಡು ದೊಡ್ಡ ಲೋಟ ಮಜ್ಜಿಗೆ ಕುಡಿದು ಬಂದಿದ್ದರು. ನಾಲ್ಕನೆಯ ಸುತ್ತಿನಲ್ಲಿ ಕಾಲ ಮೇಲೆ ಕಾಲು ಹಾಕಿದರು, ಐದನೆಯದರಲ್ಲಿ ಬೆವರಿದರು. ಆರನೆಯದರಲ್ಲಿ ಎದ್ದು ನಿಂತು, "ನಂಗೇನೂ ಅರ್ಥ ಆಗಿಲ್ಲ," ಎಂದು ತಲೆಯನ್ನು ಮೇಲೆ ಕೆಳಗೆ ಕುಣಿಸಿದರು. ಬಾಗಿಲು ತೆರೆಯಿತು, ಓಡಿದರು.

ನನಗೆ ನೂರಕ್ಕೆ ನೂರು. ಹಾಗಾದರೆ ಸೋಮವಾರ ಬರಲೇ ಎಂದು ಹಿಂದಿನಿಂದ ಕೂಗಿ ಕೇಳಿದೆ. ಅವರು ಓಡುತ್ತಲೇ ತಲೆಯನ್ನು ಜೋರಾಗಿ ಅಡ್ಡ ಆಡಿಸಿದರು.